ತೆಂಗಿನ ಮರದಿಂದ ಮೈದಾನಕ್ಕೆ: ತ್ರಿಧಾರಾ ವಾಹಿನಿಯ ವಸುಮತಿಯವರು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಆಡುವವರಿಗೆ ಎಂದೂ ಕೊರತೆ ಇದ್ದದ್ದಿಲ್ಲ. ಆಡಿದ್ದನ್ನು ಮೈದಾನಕ್ಕೆ ಬರಲಾಗದವರ ಮನೆಗೆ ತಲುಪಿಸುವವರಿಗೆ ಮಾತ್ರ ಕೊರತೆಯಿತ್ತು. ಆ ಕೊರತೆಯನ್ನು ನೀಗಿಸಿದ ‘ತ್ರಿಧಾರಾ ಕ್ರೀಡಾವಾಹಿನಿ’ಯ ಇತಿಹಾಸವನ್ನು ಯಾರು ಬರೆದರೂ, ಎಲ್ಲಿಂದ ಆರಂಭಿಸಿದರೂ, ನಾಲ್ಕು ಸಾಲು ದಾಟುವ ಮೊದಲು ಶ್ರೀಮತಿ ವಸುಮತಿಯವರ ಹೆಸರು ಬಂದೇ ಬರುತ್ತದೆ. ನೇರಪ್ರಸಾರ ವಿಭಾಗದ ಮುಖ್ಯಸ್ಥೆಯಾಗಿದ್ದು ಇತ್ತೀಚೆಗೆ ನಿವೃತ್ತರಾದ ಅವರನ್ನು ಗೌರವಿಸುವ ಈ ಗ್ರಂಥದಲ್ಲಿ, ವಾಹಿನಿಯ ಏಳಿಗೆಯ ಜೊತೆಗೆ ಅದರ ಇಳಿಗಾಲವನ್ನೂ ಹೇಳಬೇಕಾಗಿದೆ. ಹೊಗಳಿಕೆಯನ್ನಷ್ಟೇ ಬರೆದರೆ ಅವರು ಓದುವುದಿಲ್ಲ, ಮೊದಲ ಪುಟದಲ್ಲೇ ಮಡಚಿ ಇಡುತ್ತಾರೆ.

ಕೆದಂಬಾಡಿಯ ಕೃಷಿಕ ಮನೆತನದಲ್ಲಿ ಹುಟ್ಟಿ, ಕಾಲೇಜಿನ ವಾಲಿಬಾಲ್ ತಂಡದಲ್ಲಿ ಚೆಂಡೆತ್ತಿಕೊಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ವಸುಮತಿಯವರು ವಾಹಿನಿಗೆ ಸೇರಿದಾಗ ಅಲ್ಲಿದ್ದದ್ದು ಒಂದು ಬಾಡಿಗೆ ಜೀಪು, ಮದುವೆಗಳಲ್ಲಿ ದುಡಿದು ಸವೆದ ಒಂದು ಕ್ಯಾಮೆರಾ, ಮತ್ತು ಆ ಕ್ಯಾಮೆರಾದ ಯಜಮಾನರಾದ ಕಡಬದ ಅಬ್ಬಾಸ್. ವಧುವರರನ್ನು ಬಿಟ್ಟು ಬೇರೇನನ್ನೂ ಚಿತ್ರೀಕರಿಸಿ ಗೊತ್ತಿರದ ಅಬ್ಬಾಸರಿಗೆ ಚೆಂಡಿನ ಹಿಂದೆ ಓಡಬಾರದು, ಚೆಂಡು ಬೀಳುವ ಜಾಗದಲ್ಲಿ ಮೊದಲೇ ಕಾದಿರಬೇಕು ಎಂದು ಕಲಿಸಿದವರು ವಸುಮತಿಯವರು. ಉಪವಾಸದ ತಿಂಗಳಲ್ಲಿ ಮಸೀದಿಯಿಂದ ಸಂಜೆಯ ಬಾಂಗ್ ಕೇಳುವ ಹೊತ್ತಿಗೆ ಆಟ ನಡೆಯುತ್ತಿದ್ದರೆ, ಅಬ್ಬಾಸರ ಕೈಗೆ ಖರ್ಜೂರ ಕೊಟ್ಟು ಕ್ಯಾಮೆರಾವನ್ನು ತಾವೇ ಹಿಡಿಯುತ್ತಿದ್ದರು. ಅಷ್ಟು ಹೊತ್ತು ಚಿತ್ರ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಮನೆಗಳಲ್ಲಿ ಕುಳಿತವರು “ಅಬ್ಬಾಸ್ ಕಾಕ ಈಗ ನೀರು ಕುಡಿತಾ ಇದ್ದಾರೆ” ಎಂದು ನಗುತ್ತಿದ್ದರೇ ವಿನಾ ಒಬ್ಬರೂ ದೂರು ಹೇಳಿದ್ದಿಲ್ಲ.

ಆ ಕಾಲದಲ್ಲಿ ತ್ರಿಧಾರಾಕ್ಕೆ ಎದುರಿರಲಿಲ್ಲ. ಕಡಬ ಪೇಟೆಯ ಅಂಗಡಿಗಳವರು ಶನಿವಾರ ಸಂಜೆ ಟಿವಿಯನ್ನು ರಸ್ತೆಯ ಕಡೆ ತಿರುಗಿಸಿಡುತ್ತಿದ್ದರು. ಗಲ್ಫಿಗೆ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಬಾಟಲಿಯ ಪಕ್ಕ ಪಂದ್ಯಗಳ ಸಿಡಿಗಳು ಪ್ರಯಾಣ ಮಾಡುತ್ತಿದ್ದವು. ಜೀಪಿನ ಬದಲು ವ್ಯಾನು ಬಂತು. ಅದರೊಳಗೆ ಸಾಲಾಗಿ ಜೋಡಿಸಿದ ಸಣ್ಣ ಪರದೆಗಳ ಮುಂದೆ ಕುಳಿತು ಯಾವ ಕ್ಯಾಮೆರಾದ ಚಿತ್ರ ಜನರಿಗೆ ಹೋಗಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವ ಕುರ್ಚಿ ವಸುಮತಿಯವರದಾಯಿತು.

ವಾಹಿನಿಯ ಪ್ರಸಿದ್ಧವಾದ ಒಂದು ನಿಯಮ ಹುಟ್ಟಿದ್ದೂ ಆ ದಿನಗಳಲ್ಲೇ. ಒಂದು ಫೈನಲಿನಲ್ಲಿ ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತಕರಾರು ಎದ್ದು, ಸಭ್ಯರೆಂದು ಹೆಸರಾದ ಹಿರಿಯರೊಬ್ಬರು ಮೈಮರೆತು ಬೈದುಬಿಟ್ಟರು. ಬೈಗುಳ ಮೂರು ತಾಲೂಕುಗಳಿಗೂ ಸ್ಪಷ್ಟವಾಗಿ ಪ್ರಸಾರವಾಯಿತು. ಬೈಸಿಕೊಂಡ ಕಡೆಯವರೇ ಅವರ ಭಾವೀ ಬೀಗರು, ಮಗಳ ಗಂಡಿನ ಮನೆಯವರು! ನಿಶ್ಚಿತಾರ್ಥ ಮುರಿಯುವ ಹಂತಕ್ಕೆ ಬಂದಾಗ ವಸುಮತಿಯವರು ಎರಡೂ ಮನೆಗಳಿಗೆ ಹೋಗಿ, ಜಗಲಿಯಲ್ಲಿ ಕುಳಿತು, ತಪ್ಪು ಬೈದವರದಲ್ಲ, ತೋರಿಸಿದ ತನ್ನದು ಎಂದು ಕೈಮುಗಿದು ಮದುವೆಯನ್ನು ಉಳಿಸಿದರು. ಮರುದಿನ ಕ್ಯಾಮೆರಾದವರಿಗೆಲ್ಲ ಅಪ್ಪಣೆಯಾಯಿತು: “ಸ್ವರ ಏರಿದರೆ ಮರ ತೋರಿಸಿ.” ಅಂದಿನಿಂದ ಮೈದಾನದಲ್ಲಿ ಯಾರಾದರೂ ದನಿ ಎತ್ತಿದರೆ ಸಾಕು, ಪ್ರಸಾರದ ಸದ್ದು ಅಡಗಿ ಪರದೆಯ ಮೇಲೆ ಪಕ್ಕದ ತೆಂಗಿನ ಮರ ಪ್ರತ್ಯಕ್ಷವಾಗುತ್ತಿತ್ತು. ಊರಿನ ಮರ್ಯಾದೆ ಊರಿನಲ್ಲೇ ಇರಲಿ ಎಂಬ ಆ ದಾಕ್ಷಿಣ್ಯವನ್ನು ಎಲ್ಲರೂ ಮೆಚ್ಚಿಕೊಂಡರು.

ಮೆಚ್ಚಿಕೊಂಡವರು ನೋಡುತ್ತಲೇ ಇರುತ್ತಾರೆ ಎಂದೇನಿಲ್ಲ. ವರ್ಷಗಳು ಕಳೆದಂತೆ ಅಂಗಡಿಗಳ ಟಿವಿಗಳು ಗೋಡೆಯ ಕಡೆ ತಿರುಗಿದವು, ಜಾಹೀರಾತು ಕೊಡುವವರು ಫೋನ್ ಎತ್ತುವುದನ್ನು ಬಿಟ್ಟರು. ಕಾರಣ ಹುಡುಕಲು ಪುತ್ತೂರಿನಲ್ಲಿ ಸಭೆಗಳ ಮೇಲೆ ಸಭೆ ನಡೆದು, ಮೊಬೈಲು ಬಂದದ್ದೇ ಎಲ್ಲ ಅನಿಷ್ಟಕ್ಕೂ ಮೂಲ ಎಂದು ತೀರ್ಮಾನವಾಯಿತು. ಆಡಳಿತ ನಿರ್ದೇಶಕರಾದ ಮಹಾಗಣಪತಿಯವರು ಸಜ್ಜನರು. ಸಜ್ಜನರಿಗೆ ಸಹಜವಾದ ಗಾಬರಿಯಿಂದ ಅವರು ಹೊಸ ಸ್ಟುಡಿಯೊ ಕಟ್ಟಿಸಿ, ಕೋಟು ತೊಟ್ಟ ಪರಿಣತರನ್ನು ಕೂರಿಸಿದರು. ಎಂದೂ ಚೆಂಡು ಮುಟ್ಟದ ಆ ಪರಿಣತರು ಪಂದ್ಯಕ್ಕೆ ಮೊದಲೂ ನಡುವೆಯೂ ಕೊನೆಗೂ ಮಾತಾಡಿದರು. ಪ್ರೇಕ್ಷಕರು ಇನ್ನಷ್ಟು ಬೇಗ ಎದ್ದುಹೋದರು. ಕೊನೆಗೆ ಮಹಾಗಣಪತಿಯವರು ಒಂದು ನಿರ್ಧಾರ ತಿಳಿಸಿದರು: ಆಲೆಟ್ಟಿಯ ವಾಲಿಬಾಲ್ ಫೈನಲೇ ಕೊನೆಯ ನೇರಪ್ರಸಾರ; ವಸುಮತಿಯವರ ನಿವೃತ್ತಿಯ ಜೊತೆಗೆ ವ್ಯಾನನ್ನೂ ಮಾರಿ, ಅಬ್ಬಾಸ್ ಮೊದಲಾದವರನ್ನು ಮನೆಗೆ ಕಳುಹಿಸುವುದು. ಆಯುಷ್ಯದ ಬಹುಭಾಗವನ್ನು ಕೊಟ್ಟು ಬೆಳೆಸಿದ ಕೆಲಸ ತನ್ನ ಕಣ್ಣೆದುರೇ ಮುಚ್ಚುತ್ತದೆ ಎಂಬ ಸಂಕಟದಲ್ಲಿ ವಸುಮತಿಯವರು ಕೆಲವು ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಪ್ರೇಕ್ಷಕರು ಹೋದದ್ದೇಕೆ ಎಂಬುದಕ್ಕೆ ಉತ್ತರ ಅವರಿಗೆ ಸಿಕ್ಕಿದ್ದು ಸಭೆಯಲ್ಲಲ್ಲ, ಕಾಲು ಉಳುಕಿದ್ದರಿಂದ. ಕಡಬದ ಒಂದು ಪಂದ್ಯದ ದಿನ ವ್ಯಾನಿನ ಮೆಟ್ಟಿಲಲ್ಲಿ ಜಾರಿದ ಅವರನ್ನು ಹತ್ತಿರವೇ ಇದ್ದ ಅಬ್ಬಾಸರ ಮನೆಗೆ ಕರೆದೊಯ್ದು ಕೂರಿಸಿದರು. ಅಬ್ಬಾಸರ ತಾಯಿ ಜೈನಬಮ್ಮ ಕಾಲಿಗೆ ಎಣ್ಣೆ ತಿಕ್ಕಿ ಟಿವಿ ಹಾಕಿದರು. ಸದಾ ವ್ಯಾನಿನೊಳಗೇ ಇರುತ್ತಿದ್ದ ವಸುಮತಿಯವರು ತಮ್ಮ ಪ್ರಸಾರವನ್ನು ಇನ್ನೊಬ್ಬರ ಮನೆಯಲ್ಲಿ ಕುಳಿತು ನೋಡಿದ್ದು ಅದೇ ಮೊದಲು. ಆಟ ರಂಗೇರಿತು, ತಕರಾರು ಎದ್ದಿತು, ತೆಂಗಿನ ಮರ ಬಂತು. ಜೈನಬಮ್ಮ ಕಣ್ಣು ಮಿಟುಕಿಸದೆ ಪಕ್ಕದಲ್ಲಿದ್ದ ಮೊಬೈಲು ಎತ್ತಿಕೊಂಡರು.

“ಎಂತ ಜೈನಬಮ್ಮ, ಟಿವಿ ಬೇಡವಾ?” ಎಂದು ಕೇಳಿದರು ವಸುಮತಿ.

“ಬೇಜಾರು ಮಾಡ್ಬೇಡ ಮಗಾ. ನಿಮ್ಮ ಟಿವಿಯಲ್ಲಿ ನಾನು ಈ ಮೂರು ತಾಲೂಕಿನ ತೆಂಗಿನ ಮರ ಎಲ್ಲ ನೋಡಿ ಆಯ್ತು. ಜಗಳ ಎಂತಾಯ್ತು ಅಂತ ಮಾತ್ರ ಒಂದೂ ಗೊತ್ತಿಲ್ಲ. ಮಿಸ್ರಿಯಾ ಆದ್ರೆ ತೋರಿಸ್ತಾಳೆ.”

ಮಿಸ್ರಿಯಾ ಕಡಬದವರೇ. ದುಬೈಯಲ್ಲಿರುವ ಗಂಡನಿಗೆ ಊರಿನ ಆಟ ತೋರಿಸಲೆಂದು ಮೊಬೈಲಿನಲ್ಲಿ ನೇರಪ್ರಸಾರ ಆರಂಭಿಸಿ, ಈಗ ಸಾವಿರಾರು ಜನರಿಗೆ ತೋರಿಸುತ್ತಿದ್ದವರು. ಅವರನ್ನು ಮೈದಾನಕ್ಕೆ ಬಿಡಬಾರದೆಂದು ವಾಹಿನಿಯವರು ಸಂಘಟಕರ ಮೇಲೆ ಒತ್ತಡ ಹಾಕಲು ಹೊರಟಿದ್ದರು. ಆ ಪುಟ್ಟ ಪರದೆಯಲ್ಲಿ ವಸುಮತಿಯವರು ತಾವೇ ಮುಚ್ಚಿಟ್ಟಿದ್ದ ದೃಶ್ಯವನ್ನು ಕಂಡರು. ಅಂಪೈರಿಗೆ ತೀರ್ಮಾನಿಸಲಾಗದ ಚೆಂಡು ಬಂದಾಗ ಎರಡೂ ತಂಡಗಳು ಒಪ್ಪುವ ಹಳೆಯ ಆಟಗಾರರೊಬ್ಬರನ್ನು ಕರೆಯುವುದು ಈ ಕಡೆಯ ಮೈದಾನಗಳ ಕ್ರಮ. ಅವರು ಆ ಚೆಂಡಿಗೆ ಹತ್ತಿರವಿದ್ದ ಆಟಗಾರನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ. ಅವನು ಹೇಳಿದ್ದೇ ಕೊನೆಯ ಮಾತು. ಮೊಬೈಲಿನಲ್ಲಿ ಕೂಗಾಟ ನಡೆಯಿತು, ಹಿರಿಯರು ಬಂದರು, ಕೈ ಹಿಡಿದರು, ಆಟಗಾರ “ಚೆಂಡು ಒಳಗೆ” ಎಂದ, ಎಲ್ಲರೂ ನಗುತ್ತ ಶರಬತ್ತು ಕುಡಿದರು. ಟಿವಿಯಲ್ಲಿ ಇನ್ನೂ ಮರವೇ ಇತ್ತು.

ವಸುಮತಿಯವರಿಗೆ ತಡೆಯಲಾಗದಷ್ಟು ನಾಚಿಕೆಯಾಯಿತು. ಊರಿನ ಮಾನ ಕಾಯುತ್ತಿದ್ದೇನೆ ಎಂದುಕೊಂಡು ಇಷ್ಟು ವರ್ಷ ಮಾಡಿದ್ದು ಊರಿನ ಮೇಲೆ ನಂಬಿಕೆ ಇಡದ ಕೆಲಸವಲ್ಲವೇ? ಜನ ಬೈಯುವುದೊಂದು ನಿಮಿಷ, ಆಮೇಲೆ ಅವರು ನ್ಯಾಯಕ್ಕೆ ಬಾಗುವುದನ್ನು ತಾನು ಒಮ್ಮೆಯೂ ತೋರಿಸಿರಲಿಲ್ಲ. ಪ್ರೇಕ್ಷಕರನ್ನು ಕಳೆದದ್ದು ಮೊಬೈಲಲ್ಲ, ತನ್ನ ದಾಕ್ಷಿಣ್ಯ.

ಕುಂಟುತ್ತಲೇ ಪುತ್ತೂರಿಗೆ ಹೋಗಿ ಇದನ್ನು ಹೇಳಿದಾಗ ಮಹಾಗಣಪತಿಯವರು ತಲೆ ಅಲ್ಲಾಡಿಸಿದರು. “ಗಲಾಟೆ ತೋರಿಸಿದ್ರೆ ಇರುವ ನಾಲ್ಕು ಜಾಹೀರಾತೂ ಹೋಗ್ತದೆ ಮೇಡಂ.”

“ಹೇಗೂ ಮುಚ್ಚುದಲ್ವಾ? ಆಲೆಟ್ಟಿಯದ್ದೊಂದು ನನಗೆ ಬಿಡಿ. ಮಿಸ್ರಿಯಾಳನ್ನೂ ಅವಳ ಪಾಡಿಗೆ ಬಿಡಿ.”

ಆಲೆಟ್ಟಿಯ ಫೈನಲಿಗೆ ಬಂದ ತಂಡಗಳು ಕಡಬ ಮತ್ತು ಕೆದಂಬಾಡಿ. ಕೆದಂಬಾಡಿಯ ನಾಯಕ ಶ್ರೀಶ, ವಸುಮತಿಯವರ ಅಣ್ಣನ ಮಗ. ಚೆಂಡು ಹಿಡಿಯಲು ಅವನಿಗೆ ಕಲಿಸಿದವರೂ ಅವರೇ. ಸಮಬಲದ ಆಟ ಕೊನೆಯ ಸೆಟ್ಟಿನ ಕೊನೆಯ ಅಂಕಕ್ಕೆ ಬಂದು ನಿಂತಿತು. ಕಡಬದವರ ಹೊಡೆತವನ್ನು ತಡೆಯಲು ಶ್ರೀಶ ನೆಟ್ಟಿನ ಮೇಲೆ ಕೈ ಚಾಚಿ ಹಾರಿದ. ಚೆಂಡು ಅವನನ್ನು ದಾಟಿ ಗೆರೆಯಾಚೆ ಬಿತ್ತು. ಅವನ ಬೆರಳಿಗೆ ತಾಗಿ ಹೋಗಿದ್ದರೆ ಟ್ರೋಫಿ ಕಡಬಕ್ಕೆ. ತಾಗಿರದಿದ್ದರೆ ಅಂಕ ಕೆದಂಬಾಡಿಗೆ ಹೋಗಿ ಆಟ ಮುಂದುವರಿಯುತ್ತದೆ. ಅಂಪೈರಿಗೆ ಕಾಣಲಿಲ್ಲ. “ತಾಗ್ಲಿಲ್ಲ! ತಾಗ್ಲೇ ಇಲ್ಲ!” ಎಂದು ಶ್ರೀಶ ಕೂಗಿದ. ಮೈದಾನ ಎದ್ದು ನಿಂತಿತು. ರೂಢಿಯಂತೆ ಕ್ಯಾಮೆರಾವೊಂದು ಮರದ ಕಡೆ ತಿರುಗತೊಡಗಿತು.

“ಮರ ಬೇಡ. ಎಲ್ಲರೂ ಮೈದಾನದಲ್ಲೇ ಇರಿ” ಎಂದರು ವಸುಮತಿ.

ನೆಟ್ಟಿನ ಬುಡದಲ್ಲಿದ್ದ ಅಬ್ಬಾಸರು ಸೆರೆಹಿಡಿದದ್ದನ್ನು ಅವರು ನಿಧಾನಗತಿಯಲ್ಲಿ ನೋಡಿದರು. ಚೆಂಡು ತಾಗಿ ಶ್ರೀಶನ ಕಿರುಬೆರಳು ಹಿಂದಕ್ಕೆ ಬಾಗಿತ್ತು. ಅದನ್ನು ಕಂಡದ್ದು ವ್ಯಾನಿನಲ್ಲಿ ಅವರೊಬ್ಬರೇ, ಅಳಿಸಿದರೆ ಕೇಳುವವರಿರಲಿಲ್ಲ. ಎತ್ತಿ ಆಡಿಸಿದ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂಬ ನೋವಿನಲ್ಲಿ ಅವರು ಆ ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದರು. ಬೇರೆಯವರ ಮನೆಯ ಹುಡುಗನಾಗಿದ್ದರೆ ತಾನು ಎಂತ ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡು, ಪ್ರಸಾರದ ಗುಂಡಿ ಒತ್ತಿದರು. ಬಾಗಿದ ಬೆರಳನ್ನು ಮೂರು ತಾಲೂಕುಗಳು ನೋಡಿದವು. ಮೈದಾನದಲ್ಲಿದ್ದವರಿಗೆ ಮಾತ್ರ ಅದು ತಿಳಿಯದು.

ಆಲೆಟ್ಟಿಯ ಹಳೆಯ ಆಟಗಾರ ಬೆಳ್ಯಪ್ಪನವರನ್ನು ಎರಡೂ ತಂಡಗಳು ಕರೆದವು. ಅವರು ನಿಧಾನಕ್ಕೆ ಬಂದು ಶ್ರೀಶನ ಕೈ ಹಿಡಿದರು. “ತಾಗಿತಾ ಮಾರಾಯ?” ಅಬ್ಬಾಸರ ಕ್ಯಾಮೆರಾ ಶ್ರೀಶನ ಮುಖ ಬಿಟ್ಟು ಅಲುಗಲಿಲ್ಲ. ಉತ್ತರ ಗೊತ್ತಿದ್ದ ಸಾವಿರಾರು ಮನೆಗಳು ಅವನ ಬಾಯಿಯನ್ನೇ ನೋಡುತ್ತ ಕುಳಿತವು. ಶ್ರೀಶ ಟ್ರೋಫಿಯನ್ನು ನೋಡಿದ, ತನ್ನ ತಂಡದವರನ್ನು ನೋಡಿದ, ನೆಲ ನೋಡಿದ.

“ತಾಗಿದೆ” ಎಂದ. “ನನ್ನದೇ ತಪ್ಪು.”

ಕೆದಂಬಾಡಿ ಸೋತಿತು. ಕಡಬದ ನಾಯಕ ಓಡಿಬಂದು ಶ್ರೀಶನನ್ನು ತಬ್ಬಿಕೊಂಡು ಎತ್ತಿದ. ವ್ಯಾನಿನಲ್ಲಿ ವಸುಮತಿಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವಾಗ ಬಾಗಿಲಲ್ಲಿ ಮಿಸ್ರಿಯಾ ಏದುಸಿರು ಬಿಡುತ್ತ ನಿಂತಿದ್ದರು. “ಮೇಡಂ, ಆ ಬೆರಳಿನದ್ದು ನಂಗೂ ಕೊಡ್ತೀರಾ? ಟಿವಿಯಲ್ಲಿ ಬಂತಂತೆ, ದುಬೈಯವರು ಕೇಳಿ ಕೇಳಿ ತಲೆ ತಿಂತಾ ಇದ್ದಾರೆ!” ವಸುಮತಿಯವರು ಕೊಟ್ಟರು.

ಹೋದ ಪ್ರೇಕ್ಷಕರೆಲ್ಲ ಒಂದೇ ಸಂಜೆಗೆ ಮರಳಿದರು ಎಂದು ಬರೆದರೆ ವಸುಮತಿಯವರೇ ಆ ಸಾಲನ್ನು ಹೊಡೆದುಹಾಕಿಯಾರು. ಆದರೆ ಕಡಬದ ಒಂದೆರಡು ಅಂಗಡಿಗಳ ಟಿವಿ ಮತ್ತೆ ರಸ್ತೆ ನೋಡತೊಡಗಿದೆ. ಮಹಾಗಣಪತಿಯವರು ವ್ಯಾನು ಮಾರುವ ಮಾತನ್ನು ಎತ್ತುತ್ತಿಲ್ಲ. ಕೋಟು ತೊಟ್ಟ ಪರಿಣತರಿಗೆ ಗೌರವಪೂರ್ವಕ ವಿಶ್ರಾಂತಿ ಕೊಟ್ಟು, ಮಿಸ್ರಿಯಾರನ್ನು ವೀಕ್ಷಕ ವಿವರಣೆಗೆ ಕರೆದಿದ್ದಾರೆ. ಅಬ್ಬಾಸರ ಕೆಲಸ ಉಳಿದಿದೆ.

ಉಳಿಯದೆ ಹೋದದ್ದು ಶ್ರೀಶನ ಒಡನಾಟ. ಆ ಸಂಜೆಯ ನಂತರ ಅವನು ಅತ್ತೆಯ ಮನೆಯ ಕಡೆ ಸುಳಿಯಲಿಲ್ಲ, ಬೀಳ್ಕೊಡುಗೆಗೂ ಬರಲಿಲ್ಲ. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವಾಗಲೂ ವಸುಮತಿಯವರ ಕಣ್ಣು ಬಾಗಿಲ ಕಡೆಗೇ ಇತ್ತು.

ಅವನು ಬಂದದ್ದು ಕಳೆದ ತಿಂಗಳು. ಜಗಲಿಯಲ್ಲಿ ಕುಳಿತು, ಕೊಟ್ಟ ನೀರನ್ನು ಮುಟ್ಟದೆ ಕೇಳಿದ: “ಲೋಕಕ್ಕೆಲ್ಲ ತೋರಿಸ್ಬೇಕಿತ್ತಾ ಅತ್ತೆ?”

“ನೀನು ಸುಳ್ಳು ಹೇಳಿದ್ದನ್ನು ತೋರಿಸಿದೆ, ಹೌದು. ಆಮೇಲೆ ನಿಜ ಹೇಳಿದ್ದನ್ನೂ ತೋರಿಸಿದೆ. ಕ್ಯಾಮೆರಾ ತಿರುಗಿಸಿದ್ರೆ ಸುಳ್ಳು ಹೇಗೂ ಊರಿಡೀ ಹರಡ್ತಿತ್ತು. ನೀನು ನಿಜ ಹೇಳುವಾಗ ನಿನ್ನ ಮುಖ ಹೇಗಿತ್ತು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

ಶ್ರೀಶ ನೀರು ಕುಡಿದು ಎದ್ದ. “ಬರುವ ಆದಿತ್ಯವಾರ ಕಡಬದಲ್ಲಿ ಆಟ ಉಂಟು. ನೀವು ಬರ್ಬೇಕು.”

“ನಾನು ಬಂದು ಎಂತ ಮಾಡುದು? ವ್ಯಾನಿನಲ್ಲಿ ಈಗ ನನಗೆ ಜಾಗ ಇಲ್ಲ.”

“ವ್ಯಾನಿಗಲ್ಲ ಅತ್ತೆ. ತಕರಾರು ಬಂದ್ರೆ ಕೈ ಹಿಡಿದು ಕೇಳುದಕ್ಕೆ. ಎರಡೂ ತಂಡದವರು ನಿಮ್ಮ ಹೆಸರೇ ಹೇಳಿದ್ದಾರೆ. ನಮ್ಮ ಕಡೆಯಿಂದ ಹೇಳಿದ್ದು ನಾನು.”

ಈ ಮೂರು ತಾಲೂಕುಗಳ ಮೈದಾನಗಳಲ್ಲಿ ಆ ಜಾಗಕ್ಕೆ ಹೆಂಗಸೊಬ್ಬರನ್ನು ಕರೆದದ್ದು ನಮಗೆ ತಿಳಿದಂತೆ ಇದೇ ಮೊದಲು. ವಸುಮತಿಯವರು ಆ ಆದಿತ್ಯವಾರ ಹೋದರು, ಅದರ ಮುಂದಿನ ಆದಿತ್ಯವಾರವೂ ಹೋದರು. ಅವರ ಕಣ್ಣು, ಕಾಲು, ಹಟ ಮೂರೂ ಬಹುಕಾಲ ಗಟ್ಟಿಯಾಗಿರಲಿ; ನಮ್ಮ ಮಕ್ಕಳು, ಮೊಮ್ಮಕ್ಕಳು ಬೆವರಿದ ಕೈಯನ್ನು ಅವರ ಕೈಯಲ್ಲಿಟ್ಟು ನಿಜ ಹೇಳುವಷ್ಟು ದೀರ್ಘವಾಗಿ ಅವರು ನಮ್ಮ ನಡುವೆ ಇರಲಿ.