ಹನ್ನೊಂದು ಮೂಗುಗಳು

ಸಂಗ್ರಹಾಲಯದ ಹಿಂಬದಿಯ ದುರಸ್ತಿ ಕೋಣೆಗೆ ಅವಳು ಸೇರಿ ಇಪ್ಪತ್ತಾರು ವರ್ಷ. ಮುಕ್ಕಾದ ಶಿಲ್ಪಗಳಿಗೆ ಪ್ಲಾಸ್ಟರ್‌ನಲ್ಲಿ ಮೂಗು, ಕಿವಿ, ಬೆರಳು ಕೂರಿಸುವುದು ಕೆಲಸ. ಎಲ್ಲರ ಬಾಯಲ್ಲೂ ಅವಳು ಮೂಗಕ್ಕ.

"ಮೂಗು ತೂರಿಸೋರು ಬೇಕಾದಷ್ಟು ಜನ ಇದಾರೆ, ಮೂಗು ಕೂರಿಸೋಳು ನೀನೊಬ್ಳೇ" ಎಂದು ಕಾವಲುಗಾರ ನಗುತ್ತಿದ್ದ.

ಕಾಲಕ್ಕೊಂದು ಶೈಲಿ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ತೀರಾ ಹಳೆಯ ಮುಖಗಳು ಹಲಗೆಯಂತೆ ಬಿಗಿ, ಕಣ್ಣು ಅಗಲ. ಮುಂದಿನ ಶತಮಾನಗಳಲ್ಲಿ ಕೆನ್ನೆ ತುಂಬಿ, ತುಟಿ ಸಡಿಲಾಗಿ, ಕಲ್ಲು ಉಸಿರಾಡತೊಡಗಿತು. ಆಮೇಲೆ ಮುಖಕ್ಕಿಂತ ಒಡವೆಯ ಕೆತ್ತನೆಯೇ ಹೆಚ್ಚಾಯಿತು. ಇತ್ತೀಚಿನ ಶಿಲ್ಪಿಗಳು ಸುಕ್ಕನ್ನೂ ಬಿಡದೆ ಕೆತ್ತಿದರು.

ಹೊಸದಾಗಿ ಬಂದ ಮೇಲಧಿಕಾರಿ ಒಂದು ದಿನ ಅವಳನ್ನು ಕರೆದು, ಮೇಜಿನ ಮೇಲೆ ಅವಳು ದುರಸ್ತಿ ಮಾಡಿದ ಶಿಲ್ಪಗಳ ಹನ್ನೊಂದು ಫೋಟೋ ಹರಡಿದರು.

"ಇವುಗಳ ನಡುವೆ ಎರಡು ಸಾವಿರ ವರ್ಷ ಇದೆ. ಮೂಗು ಮಾತ್ರ ಒಂದೇ. ಎಲ್ಲದರ ತುದೀನೂ ಎಡಕ್ಕೆ ಸೊಟ್ಟ. ಯಾರದಿದು?"

ಎಲ್ಲವನ್ನೂ ಒಟ್ಟಿಗೆ ಇಟ್ಟಾಗಲೇ ಅವಳೂ ಅದನ್ನು ಕಂಡದ್ದು. ಅವಳ ತಂಗಿಯದು. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಸೊಟ್ಟಗಾದ ಮೂಗು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿ ಹೊರಟವಳು ತಿರುಗಿ ಬರಲಿಲ್ಲ. ಅಪ್ಪ ಸಿಟ್ಟಿನಲ್ಲಿ ಅವಳ ಫೋಟೋಗಳನ್ನೆಲ್ಲ ಸುಟ್ಟಿದ್ದ. ಆ ಮುಖ ಮರೆತೇಹೋಯಿತೆಂದು ಅಕ್ಕ ವರ್ಷಗಟ್ಟಲೆ ಒಳಗೊಳಗೇ ಕೊರಗಿದ್ದಳು.

"ಇವನ್ನ ತೆಗೀಲೇಬೇಕು" ಎಂದರು ಮೇಲಧಿಕಾರಿ.

"ನಾನೇ ತೆಗೀತೀನಿ ಮೇಡಂ. ಒಂದೆರಡು ದಿನ ಬಿಡಿ."

ಮರುದಿನ ಅಮ್ಮನನ್ನು ಕೈಹಿಡಿದು ಕರೆತಂದಳು. ಮೊದಲನೆಯ ಮುಖದೆದುರೇ ಅಮ್ಮ ನಿಂತುಬಿಟ್ಟಳು.

"ಇಷ್ಟು ವರ್ಷ ಇಲ್ಲೇ ಇದ್ಲಾ? ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮಾ, ಅದು ಕಲ್ಲು."

"ಗೊತ್ತು ಕಣೇ, ಸುಮ್ನಿರು."

ಅಮ್ಮ ಹನ್ನೊಂದನ್ನೂ ನೋಡಿದಳು. ಕೊನೆಯದು ಸುಕ್ಕುಗಟ್ಟಿದ ಮುದುಕಿಯ ತಲೆ. ಅದರ ಕೆನ್ನೆ ಸವರಿ, "ಪಾಪ, ಇವಳಿಗೂ ವಯಸ್ಸಾಯ್ತು ನೋಡು" ಎಂದಳು.

ಆ ವಾರ ಮೂಗಕ್ಕ ಸಣ್ಣ ಉಳಿ ಹಿಡಿದು ಒಂದೊಂದನ್ನೇ ಬಿಡಿಸಿದಳು. ಈಗ ಆ ಮುಖಗಳು ಮೂಗಿಲ್ಲದೆ ಮುಕ್ಕಾಗಿಯೇ ನಿಂತಿವೆ.

ಮನೆಯಲ್ಲಿ ಅವಳು ಜೇಡಿಮಣ್ಣು ಹಿಡಿದು ಕೂರುತ್ತಾಳೆ. ತಂಗಿಯ ಮುಖವನ್ನೇ ಮಾಡಬೇಕೆಂದು ಹೊರಟರೆ ಬೆರಳು ಮಾತು ಕೇಳುವುದಿಲ್ಲ. ಅಮ್ಮ ಬಂದು ನೋಡಿ, "ಇವಳ್ಯಾರೋ ಬೇರೆಯವಳು ಕಣೇ" ಎಂದು ಒಳಗೆ ಹೋಗುತ್ತಾಳೆ.