ಬೆಂಚಿನ ಮೇಲೆ ಕೂತ ಕಮಿಟಿಗೆ ‘ಸೆಟ್’ ಪಾಠ

ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಕ್ಲಾಸಿನಲ್ಲಿ ಒಂದೂ ಮಗು ಇಲ್ಲ!

ಎರಡನೇ ಕ್ಲಾಸಿನ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಶಾಲೆಯ ಕಮಿಟಿಯವರೇ ಕೂತಿದ್ದಾರೆ. ಧೋತರದವರು, ಪ್ಯಾಂಟಿನವರು, ಇಳಕಲ್ ಸೀರೆಯ ಒಬ್ಬ ಅಕ್ಕ...

ಕುಂದಗೋಳದ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಡೆಮೊ ಕ್ಲಾಸ್ ಕೊಡಲು ಹೋಗಿದ್ದೆ. ಕಮಿಟಿಯವರಿಗೆಲ್ಲ ಅಂಗಡಿ, ಹೊಲ, ಕಂತ್ರಾಟು. ಬಿಡುವು ಸಿಗುವುದು ಭಾನುವಾರ ಮಾತ್ರ, ಭಾನುವಾರ ಮಕ್ಕಳು ಬರುವುದಿಲ್ಲ. ಹಾಗಾಗಿ ಇಲ್ಲಿ ಡೆಮೊ ಇದ್ದಾಗಲೆಲ್ಲ ಕಮಿಟಿಯೇ ಮಕ್ಕಳಾಗುತ್ತದಂತೆ!

ಹೆಡ್ ಮೇಡಂ ಇದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ, ನನಗೆ ನಗಲೂ ಧೈರ್ಯವಾಗಲಿಲ್ಲ.

ನಗುವ ಸ್ಥಿತಿಯಲ್ಲೂ ನಾನಿರಲಿಲ್ಲ ಬಿಡಿ. ಈ ಮೊದಲು ಎರಡು ಶಾಲೆಗಳಲ್ಲಿ ಡೆಮೊ ಕೊಡಲು ಹೋಗಿ, ಎರಡರಲ್ಲೂ ‘ಗುಡ್ ಮಾರ್ನಿಂಗ್’ ಆದಮೇಲೆ ಮಾತೇ ಹೊರಡದೆ ವಾಪಸ್ ಬಂದವಳು ನಾನು. ಗುಡಗೇರಿಯ ನಮ್ಮ ಮನೆ ಕಟ್ಟೆಯ ಮೇಲೆ ಟ್ಯೂಷನ್ ಮಕ್ಕಳಿಗೆ ಓಣಿಗೆಲ್ಲ ಕೇಳುವಂತೆ ಪಾಠ ಮಾಡುತ್ತೇನೆ. ದೊಡ್ಡವರ ಎದುರು ಮಾತ್ರ ನಾಲಿಗೆ ಏಳುವುದಿಲ್ಲ.

ಈ ಸಲವೂ ಕೆಲಸ ಸಿಗದಿದ್ದರೆ ಸೋದರಮಾವನ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವ ಒಳ್ಳೆಯವನೇ. ಆದರೆ ನನಗೆ ಟೀಚರ್ ಆಗಬೇಕಿತ್ತು, ಚಿಕ್ಕಂದಿನಿಂದಲೂ ಅದೊಂದೇ ಆಸೆ.

ಡೆಮೊಗೆ ಕೊಟ್ಟಿದ್ದ ವಿಷಯ, ಒಂದೇ ಇಂಗ್ಲಿಷ್ ಪದ ಬೇರೆ ಬೇರೆ ಕ್ಷೇತ್ರಗಳಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದು. ನಾನು ಆರಿಸಿಕೊಂಡ ಪದ ‘ಸೆಟ್’. ಡಿಕ್ಷನರಿಯಲ್ಲಿ ಇದಕ್ಕೆ ಪುಟಗಟ್ಟಲೆ ಅರ್ಥಗಳಿವೆ, ಎಲ್ಲ ಓದಿಕೊಂಡಿದ್ದೆ.

ಬೋರ್ಡಿನ ಮೇಲೆ ಪದ ಬರೆದೆ, ತಿರುಗಿದೆ... ಅಷ್ಟೇ. ಬಾಯಿ ಒಣಗಿತು.

ಆಗಲೇ ಮುಂದಿನ ಬೆಂಚಿನಲ್ಲಿದ್ದ ಅಧ್ಯಕ್ಷರ ಫೋನ್ ರಿಂಗಾಯಿತು. ಅವರು ಕಾಳಿನ ವ್ಯಾಪಾರಿ. “ಕಡ್ಲಿ ಒಣಗ್ಯಾವೇನಪಾ? ಹಸೀ ಇದ್ರ ಚೀಲಾ ತುಂಬಬ್ಯಾಡೋ!” ಎಂದು ಅಲ್ಲೇ ಶುರು ಮಾಡಿಬಿಟ್ಟರು.

“ಕ್ಲಾಸಿನ್ಯಾಗ ಏನದು ಫೋನು? ಎದ್ದ್ ನಿಂದ್ರು!”

ಅಯ್ಯೋ, ಇದು ನನ್ನದೇ ಧ್ವನಿ! ಕಟ್ಟೆಯ ಮೇಲಿನ ಧ್ವನಿ. ಅದೂ ಏಕವಚನದಲ್ಲಿ.

ಅಧ್ಯಕ್ಷರು ಫೋನ್ ಆಫ್ ಮಾಡಿದರು. ಧೋತರ ಸರಿಮಾಡಿಕೊಂಡು, ಕೈಕಟ್ಟಿ ಎದ್ದು ನಿಂತರು.

ಕೆಲಸವಂತೂ ಹೋಯಿತು. ಆದರೆ ಗಂಟಲು ಬಿಟ್ಟಿತ್ತಲ್ಲ! ಹೋಗುವುದು ಹೋಗಲಿ, ಬಂದದ್ದಕ್ಕೆ ಪಾಠವನ್ನಾದರೂ ಮಾಡಿಯೇ ಹೋಗೋಣ ಎನಿಸಿತು.

‘ಸೆಟ್’ ಅನ್ನುವ ಪದವನ್ನು ಎಲ್ಲೆಲ್ಲಿ ಕೇಳಿದ್ದೀರಿ, ಕೈ ಎತ್ತಿ ಹೇಳಿ ಎಂದೆ.

ಶುರುವಾಯಿತು ನೋಡಿ! ಮನೆ ಕಟ್ಟಿಸುವ ಕಂತ್ರಾಟುದಾರರು, ಸಿಮೆಂಟು ಸೆಟ್ ಆಗುವವರೆಗೆ ಮೇಲೆ ಕಾಲಿಡಬಾರದು ಎಂದರು. ಹಾಲಿನ ಡೇರಿ ನಡೆಸುವ ಇಳಕಲ್ ಸೀರೆಯ ಅಕ್ಕ, ಮೊಸರು ಸೆಟ್ ಆಗುವವರೆಗೆ ಪಾತ್ರೆ ಅಲುಗಾಡಿಸಬಾರದು ಎಂದರು. ಪಂಪ್‌ಸೆಟ್ ಬಂತು, ಬಂಗಾರದ ಸೆಟ್ ಬಂತು, ವಾಲಿಬಾಲಿನ ಸೆಟ್, ನಾಟಕದ ಸೆಟ್... ನನ್ನ ಸೀಮೆಸುಣ್ಣ ಓಡುತ್ತಲೇ ಇದೆ. ಹೋಟೆಲ್ ನಡೆಸುವ ಒಬ್ಬ ಕಾಕಾ ಬೆಂಚಿನಿಂದ ಅರ್ಧ ಎದ್ದು “ಸೆಟ್ ದೋಸಿ ಬರಿಲೇ ಇಲ್ಲಲ್ರಿ ಟೀಚರ್!” ಎಂದು ಜಗಳಕ್ಕೇ ಬಂದರು.

ಗಣಿತದಲ್ಲಿ ಸೆಟ್ ಎಂದರೆ ಗುಂಪು, ಅದರಲ್ಲಿ ಒಂದನ್ನೇ ಎರಡು ಸಲ ಎಣಿಸುವಂತಿಲ್ಲ ಎಂದು ಹೇಳಿಕೊಟ್ಟೆ.

“ಹಂಗಾರ ಸೆಟ್ ದೋಸಿಗೆ ಒಂದ ದೋಸಿ ಕೊಟ್ರ ಸಾಕನ್ರಿ?” ಕಾಕಾನ ಮುಖ ಅರಳಿತು.

“ಟೀಚರ್, ಈ ಕಾಕಾಗ ಹೊರಗ ಕಳಸ್ರಿ!” ಹಿಂದಿನಿಂದ ಅಕ್ಕ ಕೂಗಿದರು.

ನಗುವಿನ ನಡುವೆ ಕಂತ್ರಾಟುದಾರರು ಮತ್ತೆ ಕೈ ಎತ್ತಿದರು. “ಸಿಮೆಂಟು ಸೆಟ್ ಆದ್ರ ಗಟ್ಟಿ ಆಗತೈತಿ. ಸೂರ್ಯ ಸೆಟ್ ಆದ್ರ ಯಾಕ್ರಿ ಮುಳಗತಾನ?”

ಡಿಕ್ಷನರಿಯಲ್ಲಿ ಓದಿದ್ದು ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ಪದಾ ಒಂದ ಇದ್ರೂ ಅದರ ಬಾಜೂಕ ಯಾರದಾರ ನೋಡ್ರಿ. ಸಿಮೆಂಟಿನ ಬಾಜೂಕ ಒಂದು ಅರ್ಥ, ಸೂರ್ಯನ ಬಾಜೂಕ ಇನ್ನೊಂದು. ನಾ ಒಬ್ಬಾಕಿನ ಅದೀನಿ... ಮನ್ಯಾಗ ಮಗಳು, ಇಲ್ಲೆ ಟೀಚರ್.”

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇನ್ನೂ ಕೆಲಸವೇ ಸಿಕ್ಕಿಲ್ಲ, ಆಗಲೇ ಟೀಚರ್ ಅಂತೆ! ಆದರೂ ಆ ಮಾತು ಎಷ್ಟು ಸಿಹಿಯಾಗಿತ್ತು!

ಹೆಡ್ ಮೇಡಂ ಬೆಲ್ ಬಾರಿಸಿದರು. ಟೈಮ್ ಮುಗಿದಿತ್ತು.

ಆಗ ಮುಂದಿನ ಬೆಂಚಿನಿಂದ ಮೆಲ್ಲಗೆ ಒಂದು ಮಾತು ಕೇಳಿಸಿತು.

“ಇನ್ನರ ಕುಂದರ್ಲೇನ್ರಿ, ಟೀಚರ್?”

ಅಧ್ಯಕ್ಷರು! ಕೈಕಟ್ಟಿಕೊಂಡು ಇನ್ನೂ ನಿಂತೇ ಇದ್ದಾರೆ! ನಾನು ಇಡೀ ಪಾಠ ಮುಗಿಸಿದ್ದೇನೆ, ಅವರನ್ನು ಕೂರಿಸುವುದನ್ನೇ ಮರೆತಿದ್ದೇನೆ. ಇಡೀ ಕಮಿಟಿ ಬೆಂಚು ಬಡಿದು ನಗುತ್ತಿದೆ. ನಾನು ಬಿಳಿಚಿಕೊಂಡು ಸಾರಿ ಸಾರಿ ಎನ್ನುತ್ತಲೇ ಇದ್ದೇನೆ.

“ಸಾರಿ ನಾ ಹೇಳಬೇಕ್ರಿ, ಫೋನ್ ನಂದು” ಎಂದು ಅವರು ಕೂತು ಮೊಣಕಾಲು ತಿಕ್ಕಿಕೊಂಡರು. “ನಾಳಿಂದ ಬರ್ರಿ. ಆದ್ರ ಮಕ್ಕಳನ್ನ ಇಷ್ಟೊತ್ತು ನಿಂದ್ರಸಬ್ಯಾಡ್ರಿ, ಕಾಲ್ ಅಗದಿ ನೋಯ್ತಾವ.”

ಗುಡಗೇರಿ ಬರುವವರೆಗೂ ರೈಲಿನ ಕಿಟಕಿಗೆ ಮುಖ ಮಾಡಿ ಒಬ್ಬಳೇ ನಕ್ಕೆ. ಎದುರಿಗೆ ಕೂತಿದ್ದ ಅಜ್ಜಿ ಗಾಬರಿಯಾಗಿ ತನ್ನ ಗಂಟು ಹತ್ತಿರ ಎಳೆದುಕೊಂಡಳು!

ನಾಳೆ ನಿಜವಾದ ಮಕ್ಕಳ ಕ್ಲಾಸು... ಅವರು ಈ ಕಮಿಟಿಗಿಂತ ಸ್ವಲ್ಪವಾದರೂ ಕಡಿಮೆ ತಂಟೆ ಮಾಡುತ್ತಾರೆ ತಾನೇ?