ಸೈನ್ಯದ ಬಟ್ಟೆ ಒಗೆದವಳು

ಬುರುಲ್ ಯುದ್ಧಕ್ಕೆ ಹೋದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬಂದೂಕು ಹಿಡಿಯಲಿಲ್ಲ, ಬಟ್ಟೆ ಒಗೆಯುವ ದಳಕ್ಕೆ ಸೇರಿಸಿಕೊಂಡರು. ಸೈನ್ಯದ ಹಿಂದೆಯೇ ಲಾರಿಯಲ್ಲಿ ಸಾಗಿ, ನೀರು ಸಿಕ್ಕಲ್ಲಿ ಹಂಡೆ ಹೂಡಿ, ನೆತ್ತರು ಹೆಪ್ಪುಗಟ್ಟಿದ ಅಂಗಿಗಳನ್ನು, ಹೇನು ತುಂಬಿದ ಕೋಟುಗಳನ್ನು ಒಗೆಯುವುದು. ಸುಡುವ ಸಾಬೂನು ನೀರಿಗೆ ಅವಳ ಉಗುರುಗಳು ಉದುರಿದವು. ಮತ್ತೆ ಚಿಗುರಿದಾಗ ಸೊಟ್ಟಗಾಗಿದ್ದವು.

ನರಿನ್ ನದಿಯ ದಂಡೆಯ ನಮ್ಮ ಹಳ್ಳಿಗೆ ಅವಳು ಮರಳಿದಾಗ, ಹೆಣ್ಣು ಒಪ್ಪಿದ್ದ ಮನೆಯವರು ಮಾತು ಹಿಂತೆಗೆದುಕೊಂಡರು. "ಅಷ್ಟು ದಿನ ಗಂಡಸರ ಮಧ್ಯೆ ಇದ್ದವಳು" ಎಂದಷ್ಟೇ ಅವರು ಹೇಳಿದ್ದು. ಮಿಕ್ಕಿದ್ದನ್ನು ಊರು ಸೇರಿಸಿಕೊಂಡಿತು. ಬುರುಲ್ ಯಾರೊಂದಿಗೂ ವಾದಕ್ಕಿಳಿಯಲಿಲ್ಲ. ಸರ್ಕಾರಿ ಉಣ್ಣೆ ಶೆಡ್ಡಿನಲ್ಲಿ ಉಣ್ಣೆ ತೊಳೆಯುತ್ತ ಒಂಟಿಯಾಗಿಯೇ ಮುದುಕಿಯಾದಳು. ನಾನು ಪಕ್ಕದ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ, "ಆ ಕಡೆ ಜಾಸ್ತಿ ಬಳಕೆ ಬೇಡ" ಎಂದಿದ್ದರು. ಗೋಡೆ ಗಿಡ್ಡ. ಮಾತಿಲ್ಲದಿದ್ದರೂ ಅವಳು ಒಬ್ಬಳೇ ಕೆಮ್ಮುವುದು, ಒಬ್ಬಳೇ ಚಹಾ ಹೀರುವುದು ಕೇಳುತ್ತಿತ್ತು.

ಪ್ರತಿ ಮೇ ತಿಂಗಳು, ಯುದ್ಧ ಗೆದ್ದ ದಿನದಂದು, ಸ್ಮಾರಕದ ಮುಂದಿನ ಬೆಂಚಿನ ಮೇಲೆ ಪದಕ ತೊಟ್ಟ ಮುದುಕರು ಕೂರುತ್ತಿದ್ದರು. ಶಾಲೆಯ ಮಕ್ಕಳು ಅವರಿಗೆ ಟ್ಯುಲಿಪ್ ಹೂ ಕೊಟ್ಟು, "ನಮಗಾಗಿ ಗೆದ್ದಿದ್ದಕ್ಕೆ ರಹ್ಮತ್" ಎಂದು ಧನ್ಯವಾದ ಹೇಳುತ್ತಿದ್ದರು. ಬುರುಲ್ ಜನರ ಹಿಂದೆ, ಪಾಪ್ಲರ್ ಮರಗಳ ಬಳಿ ನಿಲ್ಲುತ್ತಿದ್ದಳು.

ಒಂದು ವರ್ಷ ಮೈರಮ್ ಎಂಬ ಪುಟ್ಟ ಹುಡುಗಿ, ಆಗಷ್ಟೇ ಶಾಲೆಗೆ ಸೇರಿದವಳು, ಬೆಂಚಿನ ಕೊನೆಯಲ್ಲಿದ್ದ ಮುದುಕ ತೊಕ್ತೊಸುನ್‌ಗೆ ಹೂ ಕೊಡುವ ಮೊದಲು ಕೇಳಿಬಿಟ್ಟಳು:

"ತಾತಾ, ಯುದ್ಧದಲ್ಲಿ ನಿಮ್ ಬಟ್ಟೆ ಯಾರು ಒಗೀತಿದ್ರು? ನಿಮ್ಮಮ್ಮಾನೂ ಬಂದಿದ್ರಾ?"

ಬೆಂಚಿಗೆ ಬೆಂಚೇ ನಕ್ಕಿತು. ತೊಕ್ತೊಸುನ್ ಗಡ್ಡ ಎತ್ತಿ ಮರಗಳ ಕಡೆ ತೋರಿಸಿದ. "ಅಗೋ, ಅಲ್ಲಿ ನಿಂತಿದಾಳೆ ನೋಡು, ಚಡ್ಡಿ ಒಗೆಯೋ ಜನರಲ್ಲು!"

ಹುಡುಗಿ ನಗಲಿಲ್ಲ. ಟೀಚರು ಬೆನ್ನಿಗೆ ತಿವಿದ ಮೇಲೆ ಹೂವನ್ನು ಮುದುಕನ ಕೈಗಿಟ್ಟಳು. ನಾನು ತಿರುಗಿ ನೋಡುವಷ್ಟರಲ್ಲಿ ಬುರುಲ್ ಹೊರಟುಹೋಗಿದ್ದಳು.

ಮಧ್ಯಾಹ್ನ ನಾನು ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದೆ. ಗೋಡೆಯಾಚೆ ಮೈರಮ್ ಬುರುಲ್‌ಳನ್ನು ಅಜ್ಜಿ ಎಂಬಂತೆ ಕರೆಯುವುದು ಕೇಳಿಸಿತು.

"ಅಪಾ, ನಿಮ್ ಬಟ್ಟೆ ಕೊಡಿ."

"ಯಾಕೆ?" ಎಂದಳು ಬುರುಲ್.

"ಒಗೀತೀನಿ. ನೀವು ಎಲ್ಲಾರ್ದೂ ಒಗೆದ್ರಂತೆ. ನಿಮ್ದು ಯಾರು ಒಗೀತಾರೆ?"

"ಗೇಲಿ ಮಾಡು ಅಂತ ಯಾರೇ ಕಳ್ಸಿದ್ದು ನಿನ್ನ?"

"ಯಾರೂ ಇಲ್ಲ. ಇದ್ದಿದ್ದೊಂದು ಹೂವು ಆ ತಾತಂಗೆ ಹೋಯ್ತು. ನಿಮಗ್ ಕೊಡಕ್ಕೆ ಬೇರೇನೂ ಇಲ್ಲ ನನ್ಹತ್ರ."

ನಾನು ಗೋಡೆಯ ಮೇಲಿಂದ ಇಣುಕಿದೆ. ಬುರುಲ್ ತಲೆಗೆ ಕಟ್ಟಿದ್ದ ಬಿಳಿ ವಸ್ತ್ರವನ್ನೇ ಬಿಚ್ಚಿ ಕೊಟ್ಟಳು. ಅವಳ ಕೂದಲನ್ನು ನಾನು ಕಂಡದ್ದು ಆವತ್ತೇ. ಹುಡುಗಿ ಮನೆ ಮುಂದಿನ ಕಾಲುವೆಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೂ ನೊರೆ ಮಾಡಿಕೊಂಡು ಉಜ್ಜತೊಡಗಿದಳು.

"ಹಾಗಲ್ವೇ, ಎರಡು ಮುಷ್ಟಿ ಸೇರಿಸಿ ತಿಕ್ಕು."

"ಗೊತ್ತು, ಗೊತ್ತು."

"ಏನ್ ಗೊತ್ತು? ಸೈನ್ಯದಲ್ಲಿ ಹಿಂಗೆ ಒಗೆದಿದ್ರೆ ನಮ್ ಸಾರ್ಜೆಂಟಮ್ಮ ನಿನ್ನೇ ಹಂಡೆಗೆ ಹಾಕಿರೋಳು!"

ಹುಡುಗಿ ಕಿಲಕಿಲ ನಕ್ಕಳು. ಬುರುಲ್ ಕೂಡ ನಕ್ಕಳು, ಒಂದು ಸಲ, ಕೆಮ್ಮಿದ ಹಾಗೆ. ವಸ್ತ್ರವನ್ನು ಜಲ್ದರು ಹಣ್ಣಿನ ಮರದ ಕೊಂಬೆಗೆ ಹರವಿ, ಮೈರಮ್ ಶಾಲೆಯಲ್ಲಿ ಕಲಿಸಿದಂತೆ ನೆಟ್ಟಗೆ ನಿಂತು ಹೇಳಿದಳು: "ನಮಗಾಗಿ ಗೆದ್ದಿದ್ದಕ್ಕೆ ರಹ್ಮತ್, ಅಪಾ."

ಅಷ್ಟರಲ್ಲಿ ಬೀದಿಯಿಂದ ಅವಳ ತಾಯಿಯ ಕೂಗು. "ಮೈರಮ್! ಆ ಮನೇಲೇನೇ ನಿಂಗೆ ಕೆಲ್ಸ?" ಹುಡುಗಿ ಓಡಿದಳು.

ಸಾಬೂನು ಸರಿಯಾಗಿ ಬಿಟ್ಟಿರಲಿಲ್ಲ. ಒಣಗಿದ ವಸ್ತ್ರ ಹಲಗೆಯಂತೆ ಬಿರುಸಾಗಿತ್ತು. "ಏಜೆ, ಕೊಡಿ, ಇನ್ನೊಂದ್ಸಲ ಜಾಲಿಸಿಕೊಡ್ತೀನಿ" ಎಂದೆ, ಹಿರಿಯಕ್ಕನನ್ನು ಕರೆಯುವ ಹಾಗೆ. "ಬೇಡ" ಎಂದು ಹಾಗೆಯೇ ಕಟ್ಟಿಕೊಂಡಳು.

ಬೇಸಿಗೆಗೆ ಮೈರಮ್‌ಳ ಮನೆಯವರು ಸರ್ಕಾರದ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋದರು. ಚಳಿಗಾಲಕ್ಕೆ ಮುಂಚೆ ಅವಳ ತಂದೆಗೆ ದೂರದ ಊರಿಗೆ ವರ್ಗವಾಯಿತು.

ಮುಂದಿನ ಮೇ ತಿಂಗಳಲ್ಲಿ ಬುರುಲ್ ಸ್ಮಾರಕಕ್ಕೆ ಬರಲೇ ಇಲ್ಲ. ನಾನು ಮನೆಗೆ ಬಂದು ಗೋಡೆಯಾಚೆ ನೋಡಿದರೆ, ಬೀದಿ ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಎರಡು ಬಟ್ಟಲು ಚಹಾ, ತಟ್ಟೆಯಲ್ಲಿ ಸಕ್ಕರೆ ಮಿಠಾಯಿ. ಅವಳು ಬೀದಿಯನ್ನೇ ನೋಡುತ್ತ ಕೂತಿದ್ದಳು. ಹುಡುಗಿ ಊರು ಬಿಟ್ಟಿದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ.

"ಹೌದಾ," ಎಂದಳು. ಹೊತ್ತು ಇಳಿಯುವವರೆಗೂ ಕೂತಿದ್ದು, ಆರಿದ ಎರಡೂ ಬಟ್ಟಲು ಚಹಾವನ್ನು ತಾನೇ ಕುಡಿದಳು.